ಊರಿಗೆಲ್ಲ ಬೇಕಾದ ಎಡಗಾಲು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತಂತೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಪ್ರಾಣ ಬಾಯಿಗೆ ಬಂದದ್ದು ಅಮ್ಮನಿಗೆ. ಆದರೆ ನಮ್ಮ ಕ್ಯಾಸಂಬಳ್ಳಿ ಕಡೆ, ಕಾಲು ಮುಂದಾಗಿ ಹುಟ್ಟಿದವನು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂದು ನಂಬುತ್ತಾರೆ. ಹಾಗಾಗಿ ನಾನು ಕೆಜಿಎಫ್‌ನ ಫ್ಯಾಕ್ಟರಿಗೆ ಹೊರಡುವ ಮುಂಚೆ ನಮ್ಮ ಜಗುಲಿಯ ಮುಂದೆ ಯಾರಾದರೊಬ್ಬರು ಬೆನ್ನು ತೋರಿಸಿ ನಿಂತಿರುತ್ತಿದ್ದರು. ಹಿರಿಯರನ್ನೆಲ್ಲ ಒದ್ದೂ ಒಳ್ಳೆಯವನೆನಿಸಿಕೊಂಡವನು ಊರಲ್ಲಿ ನಾನೊಬ್ಬನೇ.

ಹೋದ ವರ್ಷ ಹಾಲಿನ ಕ್ಯಾನ್ ಎತ್ತಲು ಬಗ್ಗಿದಾಗ ನನ್ನ ಸೊಂಟವೇ ಹಿಡಿಯಿತು. ನನ್ನ ಬೆನ್ನನ್ನು ನಾನೇ ಒದ್ದುಕೊಳ್ಳುವುದು ಹೇಗೆ? ಹೆಂಡತಿ ಬಂಗಾರಪೇಟೆಯಿಂದ ನನ್ನಂತೆಯೇ ಹುಟ್ಟಿದ ಇನ್ನೊಬ್ಬನನ್ನು ಕರೆಸಿದಳು. ಲಾರಿ ಓಡಿಸುವ ಆಸಾಮಿ, ಕ್ಲಚ್ ತುಳಿದು ತುಳಿದು ಪಳಗಿದ ಎಡಗಾಲು. ಅವನ ಮೂರನೆಯ ಒದೆತಕ್ಕೆ ನೋವು ಸೊಂಟದಿಂದ ನನ್ನ ಎಡಗಾಲಿನ ಹೆಬ್ಬೆರಳ ತನಕ ಕರೆಂಟಿನ ಹಾಗೆ ಹರಿಯಿತು.

"ಉಳುಕು ಕೆಳಕ್ಕೆ ಇಳೀತಾ ಐತೆ, ಒಳ್ಳೇದೇ" ಎಂದು ಕಾಫಿ ಕುಡಿದು ಹೊರಟ ಮಹಾನುಭಾವ.

ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಸ್ಕ್ಯಾನ್ ನೋಡಿ, ಡಿಸ್ಕ್ ಜಾರಿ ಕಾಲಿನ ನರವನ್ನು ಒತ್ತುತ್ತಿದೆ ಎಂದರು. ಒದೆಸಿಕೊಂಡ ಕಥೆ ಕೇಳಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ನನ್ನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು, ಮೇಲಕ್ಕೆತ್ತಿ ಎಂದರು. ಅದು ಏಳಲಿಲ್ಲ. ಆರು ವಾರ ಮಾತ್ರೆ ಮತ್ತು ವ್ಯಾಯಾಮ. ಬಗ್ಗುವುದು, ಭಾರ ಎತ್ತುವುದು, ಬೈಕು ಓಡಿಸುವುದು ಎಲ್ಲ ಬಂದ್. ಅಷ್ಟರಲ್ಲಿ ಪಾದಕ್ಕೆ ಬಲ ಬರದಿದ್ದರೆ ಆಪರೇಷನ್. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಅಜ್ಜಿ ಸೊಂಟ ಹಿಡಿದುಕೊಂಡು ನರಳುತ್ತಾ ಬಂದಳು.

"ನಂಗೂ ಉಳುಕೈತೆ ಕಣ್ಲಾ. ಡಾಕ್ಟ್ರು ತಾವ ನಾನು ಓಗಲ್ಲ, ನಿನ್ ಕಾಲೇ ಬೇಕು. ಎತ್ತು."

"ಏಳೋದೇ ಇಲ್ಲ ಅಜ್ಜಿ."

"ಅಂಗಾದ್ರೆ ನಾಳೆ ಬತ್ತೀನಿ."

ದಿನಾ ಬಂದಳು. ನಾನು ಚಾಪೆಯ ಮೇಲೆ ವ್ಯಾಯಾಮ ಮಾಡುವಾಗ ಎದುರಿಗೆ ಕೂತು, ಅವರೆಕಾಯಿ ಸುಲಿಯುತ್ತಾ, ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದಳು. ಎಣಿಕೆ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ. ಎಂಟಕ್ಕೆ ನಿಲ್ಲಿಸಿದರೆ, "ಸೋಂಬೇರಿ ನನ್ಮಗನೇ, ಇಲ್ಲಿ ನನ್ ಸೊಂಟ ಬಿದ್ದೋಗ್ತಾ ಐತೆ, ಇನ್ನೆರಡು ಮಾಡ್ಲಾ" ಎನ್ನುತ್ತಿದ್ದಳು. ಅವಳ ನರಳಾಟ ಕೇಳಲಾರದೆ ಇನ್ನೆರಡು ಮಾಡುತ್ತಿದ್ದೆ. ನನಗೆ ಪ್ರಾಣಸಂಕಟ, ಈ ಮುದುಕಿಗೆ ತನ್ನ ಉಳುಕಿನದೇ ಚಿಂತೆ ಎಂದು ಒಳಗೊಳಗೇ ಸಿಟ್ಟೂ ಬರುತ್ತಿತ್ತು. ಹೆಂಡತಿ ಮಾತ್ರ ಅವಳಿಗೆ ಕಾಫಿ ತಂದುಕೊಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಆರನೆಯ ವಾರ ಡಾಕ್ಟರು ಮತ್ತೆ ಬೆರಳಿಟ್ಟರು. ನನ್ನ ಹೆಬ್ಬೆರಳು ಆ ಬೆರಳನ್ನು ತಳ್ಳಿಕೊಂಡೇ ಎದ್ದು ನಿಂತಿತು. ಆಪರೇಷನ್ ಬೇಡ ಎಂದರು. ಜೊತೆಗೆ, ಇನ್ನು ಮೇಲೆ ಯಾರನ್ನೂ ಒದೆಯಬೇಡಿ ಎಂದೂ ಹೇಳಿದರು.

ನಂಬಿಕೆ ನನ್ನಲ್ಲೂ ಉಳಿದಿರಲಿಲ್ಲ. ಆದರೂ ಆರು ವಾರ ಕಾದ ಜೀವ ಅದು, ಸುಮ್ಮನೆ ಕಾಲು ಮುಟ್ಟಿಸಿದರಾಯಿತು ಎಂದು ಬಸ್ಸಿಳಿದವನೇ ಅಜ್ಜಿಯ ಮನೆಗೆ ಹೋದೆ. ಅಂಗಳದ ನಲ್ಲಿಯ ಹತ್ತಿರ ಇದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಗ್ಗಿ, ತುಂಬಿದ ಬಿಂದಿಗೆಯನ್ನು ಒಂದೇ ಏಟಿಗೆ ಎತ್ತಿ ಸೊಂಟಕ್ಕೇರಿಸಿಕೊಂಡಳು.

"ಅಜ್ಜಿ, ಉಳುಕು?"

ಅವಳು ನನ್ನ ಮುಖ ನೋಡಲಿಲ್ಲ, ಪಾದ ನೋಡಿದಳು.

"ನಂಗ್ಯಾವ ಉಳುಕ್ಲಾ? ನೀನು ನಿಂಗೋಸ್ಕರ ಆದ್ರೆ ಎಂಟಕ್ಕೇ ನಿಲ್ಲಿಸ್ತೀಯ ಅಂತ ನಿನ್ ಎಂಡ್ತಿ ಅತ್ಲು. ಬೇರೇರ್ ನೋವು ಅಂದ್ರೆ ಇನ್ನೆರಡೂ ಮಾಡ್ತೀಯಲ್ಲ, ಅದ್ಕೇ ಬತ್ತಿದ್ದೆ. ದಾರಿ ಬಿಡು, ಎಸರಿಗೆ ನೀರಿಡ್ಬೇಕು."