ಎರಡನೆಯ ಕುದುರೆಗೂ ಜೀನು

ನಮ್ಮ ಸಾಹೇಬರು ಒಮಾನಿನ ಸೈನ್ಯದ ಕುದುರೆ ದಳದಲ್ಲಿ ಆಫೀಸರಾಗಿದ್ದವರು. ನಿವೃತ್ತರಾದ ಮೇಲೆ ಹುಟ್ಟೂರು ಇಬ್ರಾಕ್ಕೆ ಬಂದು, ಖರ್ಜೂರದ ತೋಟದ ಪಕ್ಕ ಲಾಯ ಕಟ್ಟಿ ಎರಡು ಕುದುರೆ ಸಾಕಿದರು. ಆ ಲಾಯ ನೋಡಿಕೊಂಡವನು ನಾನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೊದಲು ನಮ್ಮೂರಲ್ಲಿ ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ, ದುಡಿದು ತಿಂದವನು.

ಮಸ್ಕತ್ತಿನಲ್ಲಿ ಕಟ್ಟಡದ ಕೆಲಸ ಮುಗಿದಾಗ ಅವರ ಮುಂದೆ ಹೋಗಿ ನಿಂತೆ. ಬಲೂಚಿ ಸೈನಿಕರ ಜೊತೆಗಿದ್ದು ಕಲಿತ ಹಿಂದಿಯಲ್ಲಿ ಕೇಳಿದರು: "ಕುದುರೆ ಗೊತ್ತಾ?"

"ಕೋಣ ಗೊತ್ತು ಸಾಹೇಬ್ರೇ."

"ಕೋಣಕ್ಕೂ ಕುದುರೆಗೂ ಏನು ಸಂಬಂಧ?"

"ಎರಡಕ್ಕೂ ಬೆಳಿಗ್ಗೆ ಹಸಿವಾಗ್ತದೆ."

ನಕ್ಕರು. ಅವರೇ ವೀಸಾ ಮಾಡಿಸಿ ನನ್ನ ಕಫೀಲ್, ಅಂದರೆ ನನ್ನ ಜವಾಬ್ದಾರಿ ಹೊತ್ತ ಧಣಿ, ಆದರು.

ಆಗ ತೊಂಬತ್ತರ ದಶಕದ ಆರಂಭ. ಮಸ್ಕತ್ತಿನ ಸಲಹಾ ಸಭೆಗೆ ನಮ್ಮ ಕಡೆಯಿಂದ ಒಬ್ಬರು ಹೋಗಬೇಕು, ಊರ ಹಿರಿಯರು ಹೆಸರು ಸೂಚಿಸಬೇಕು ಎಂದು ಸುದ್ದಿ ಬಂತು. ಸಾಹೇಬರಿಗೆ ಹೋಗಲೇಬೇಕೆಂಬ ಹಟ. ಒಳಗಿನ ಹಳ್ಳಿಗಳಿಗೆ ಡಾಂಬರು ರಸ್ತೆ ತರಬೇಕು, ಹೆರಿಗೆಯ ಹೆಂಗಸರು ಕಲ್ಲುದಾರಿಯಲ್ಲಿ ಜೀಪಿನಲ್ಲಿ ಕುಲುಕಾಡುವುದು ನಿಲ್ಲಬೇಕು ಎನ್ನುತ್ತಿದ್ದರು. ಆದರೆ ಎಲ್ಲರಿಗಿಂತ ಹಿರಿಯರಾದ ಶೇಖ್ ಒಬ್ಬರು ಅಡ್ಡ ನಿಂತರು. "ಊರು ಬಿಟ್ಟು ಬದುಕಿದವನು. ಹುಕುಂ ಕೊಡಲು ಬರುತ್ತದೆ, ಇನ್ನೊಬ್ಬರ ಮಾತು ಕೇಳಲು ಬರುವುದಿಲ್ಲ" ಅಂದರಂತೆ. ಅವರು ಒಪ್ಪದೆ ಹೆಸರು ಮುಂದೆ ಹೋಗುವಂತಿರಲಿಲ್ಲ.

ಅಷ್ಟರಲ್ಲಿ ಈದ್ ಬಂತು. ಈದಿಗೆ ಅಲ್ಲಿ ಕುದುರೆ ಓಟ. ಇಬ್ಬರು ಸವಾರರು ಅಕ್ಕಪಕ್ಕ, ಒಬ್ಬರ ಕೈ ಒಬ್ಬರು ಹಿಡಿದು ನಾಗಾಲೋಟ ಓಡಿಸುತ್ತಾರೆ. ಗೆಲ್ಲುವುದು ಸೋಲುವುದು ಇಲ್ಲ, ಕೈ ಬಿಡಬಾರದು ಅಷ್ಟೆ. ನಾನು ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಜೋಡಿಯಾಗಿ ಓಡುತ್ತವೆ ಎಂದು ಕೇಳಿದ್ದೆ. ಕಂಬಳದಲ್ಲಿ ಜೋಡಿ ಅಂದರೆ ಒಂದೇ ಮನೆಯ ಎರಡು ಕೋಣ. ಹಾಗಾಗಿ ಎರಡೂ ಕುದುರೆಗಳ ಮೈ ತಿಕ್ಕಿ, ಜೀನು ಬಿಗಿದು ಮೈದಾನಕ್ಕೆ ನಡೆಸಿಕೊಂಡು ಹೋದೆ.

ಅಲ್ಲಿ ನೋಡಿದರೆ ಪ್ರತಿಯೊಬ್ಬ ಸವಾರನೂ ತನ್ನ ಒಂದೇ ಕುದುರೆ ತಂದಿದ್ದಾನೆ. ನಮ್ಮ ಅಡುಗೆಯವನು ಮೂಲ್ಕಿ ಕಡೆಯವನು, ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂತದು ಮಾರಾಯಾ, ನೊಗ ತರ್ಲಿಲ್ವಾ? ಇದ್ರ ಮೇಲೆ ನೀನು ಕೂತ್ಕೊಳ್ತಿಯಾ?"

ಸಾಹೇಬರು ಕಣ್ಣು ಕೆಂಪು ಮಾಡಿದರು. "ಇದು ಯಾರಿಗೆ?"

"ನಿಮ್ಮ ಜೋಡಿಗೆ, ಸಾಹೇಬ್ರೇ."

ಅವರಿಗೆ ಜೋಡಿಯೇ ಇರಲಿಲ್ಲ. ಶೇಖ್ ಅವರ ಮನಸ್ಸು ತಿಳಿದ ಮೇಲೆ ಯಾರೂ ಕೈ ಕೊಡಲು ಮುಂದೆ ಬಂದಿರಲಿಲ್ಲ.

ಶೇಖ್ ಮೈದಾನದ ಬದಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಒಂದು ಕಾಲದ ದೊಡ್ಡ ಸವಾರ. ತಮ್ಮ ಕುದುರೆ ಸತ್ತ ಮೇಲೆ ಜೀನು ಹತ್ತಿರಲಿಲ್ಲ. ಸಾಹೇಬರು ತಮ್ಮ ಪ್ರಾಣದಂತಿದ್ದ ಬಿಳಿ ಹೆಣ್ಣು ಕುದುರೆಯ ಲಗಾಮನ್ನು ನನ್ನ ಕೈಯಿಂದ ತೆಗೆದುಕೊಂಡು ಅವರ ಮುಂದೆ ಹೋಗಿ ನಿಂತರು.

"ಯಾ ಶೇಖ್, ಇವತ್ತು ಹುಕುಂ ನಿಮ್ಮದು."

"ನನ್ನನ್ನು ಬೀಳಿಸಿ ಜಾಗ ಖಾಲಿ ಮಾಡಿಸ್ತೀಯಾ?" ಸುತ್ತಲಿದ್ದವರು ನಕ್ಕರು.

"ಬಿದ್ದರೆ ಇಬ್ಬರೂ. ಕೈ ನಾನು ಬಿಡುವುದಿಲ್ಲ."

ಶೇಖ್ ಎದ್ದು ಕುದುರೆಯ ಕುತ್ತಿಗೆ ಸವರಿದರು. "ಇದರ ಮೈ ತಿಕ್ಕಿದ್ದು ಯಾರು?" ಸಾಹೇಬರು ನನ್ನನ್ನು ತೋರಿಸಿದರು. "ಯಲ್ಲಾ, ನಡಿ" ಎನ್ನುತ್ತ ಮುದುಕ ಹತ್ತಿಯೇ ಬಿಟ್ಟರು.

ಸಾಹೇಬರಿಗೆ ಉಳಿದ ಕೆಂದು ಕುದುರೆ ನಿಧಾನದ್ದು. ಯಾವಾಗಲೂ ಮುಂದೆ ಇದ್ದೇ ಅಭ್ಯಾಸವಾದವರು ಅಂದು ಹಿಂದೆ ಬಿದ್ದರು. ಶೇಖ್ ಬಿಳಿ ಕುದುರೆಯನ್ನು ತಡೆದು ತಡೆದು ಅವರಿಗೆ ಸರಿಯಾಗಿ ಓಡಿಸಿದರು. ಧೂಳಿನಲ್ಲಿ ಎರಡು ಬಿಳಿ ತೋಳುಗಳು ಗಂಟು ಹಾಕಿದಂತೆ ದಾಟಿ ಹೋದವು. ಕೈ ಬಿಡಲಿಲ್ಲ.

ಹಿರಿಯರು ಸೇರಿದ ದಿನ ಸಾಹೇಬರ ಹೆಸರು ಹೇಳಿದವರು ಅದೇ ಶೇಖ್. ಮೊದಲ ಸಭೆಗೆ ಹೊರಟ ಬೆಳಿಗ್ಗೆ, ಸೊಂಟಕ್ಕೆ ಖಂಜರ್ ಬಾಕು ಕಟ್ಟಿಕೊಂಡೇ ಸಾಹೇಬರು ಲಾಯಕ್ಕೆ ಬಂದು ಕೆಂದು ಕುದುರೆಯನ್ನು ತಬ್ಬಿದರು.

"ಬಟ್ಟೆಗೆ ರೋಮ ಹಿಡೀತದೆ ಸಾಹೇಬ್ರೇ."

"ಹಿಡೀಲಿ. ಯಾರ ಮನೆಯಿಂದ ಬಂದೆ ಅಂತ ಸಭೆಯವರಿಗೂ ಗೊತ್ತಾಗಲಿ."

ರಸ್ತೆ ಕೆಲವು ವರ್ಷಗಳ ನಂತರ ಬಂತು. ಹೊಸ ಡಾಂಬರಿನ ಮೇಲೆ ಹುಲ್ಲಿನ ಪಿಕಪ್ಪು ಓಡಿಸಿಕೊಂಡು ಹೋದೆ, ಅಡುಗೆಯವನು ಪಕ್ಕದಲ್ಲಿದ್ದ. ನೊಗದ ಮಾತು ಅವನು ಎತ್ತಲಿಲ್ಲ. ನಾನೇ ಎತ್ತಿದೆ.