ಬೈಕಂಪಾಡಿಯ ಮರಳಿನಲ್ಲಿ ಕೋವಿಯ ಪರೀಕ್ಷೆ

ಅಣ್ಣ ಕೋವಿ ತಂದ ಸಂಜೆ ನಾನು ಜಗಲಿಯಲ್ಲಿ ಕೂತು ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಎರಡನೆಯ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಮನೆ ಮಣ್ಣಗುಡ್ಡದಲ್ಲಿ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ಅಣ್ಣ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಪರವಾನಗಿ ಕೈಗೆ ಬಂದು ತಿಂಗಳುಗಳಾದರೂ ಒಳ್ಳೆಯ ಕೋವಿ ಅವನಿಗೆ ಎಟುಕಿರಲಿಲ್ಲ. ಕೊನೆಗೆ ಅವನ ಕಚೇರಿಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ತಮ್ಮ ಪಾಯಿಂಟ್ ಟೂ ಟೂ ರೈಫಲನ್ನು ಅಗ್ಗಕ್ಕೆ ಕೊಟ್ಟರು. ಬೆರಳ ತುದಿಯಷ್ಟು ಸಣ್ಣ ತೋಟೆ. ಅದರ ಹಿಂಬದಿಯ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವಂಥದ್ದು. ಹಿರಿಯರು ಪ್ರಾಮಾಣಿಕರು. ಎರಡು ವರ್ಷದಿಂದ ತಾವು ಹೊಡೆದದ್ದು ಒಂದೂ ತಾಗಿಲ್ಲ, ನಳಿಗೆಯೇ ಸೊಟ್ಟ ಇರಬೇಕು, ಒಂದು ವಾರ ನೋಡಿ ಬೇಡವಾದರೆ ಮರಳಿಸಿ ಎಂದು ಮೊದಲೇ ಹೇಳಿದ್ದರಂತೆ.

ಭಾನುವಾರ ಇಗರ್ಜಿಯಲ್ಲಿ ಮೊದಲ ಪೂಜೆ ಮುಗಿದ ಕೂಡಲೇ ಹೊರಟೆವು. ಕೂಳೂರಿನಲ್ಲಿ ದೋಣಿಯಲ್ಲಿ ಹೊಳೆ ದಾಟಿ ಬೈಕಂಪಾಡಿಯ ಕಡಲ ಬದಿಗೆ ನಡೆದೆವು. ಅಲ್ಲಿ ಅಣ್ಣನ ಪರಿಚಯದ ಮೀನುಗಾರರೊಬ್ಬರಿದ್ದರು. ನಡುವಯಸ್ಸು, ಮಾತು ಕಡಿಮೆ. ಎತ್ತರದ ಮರಳು ದಿಬ್ಬವೊಂದನ್ನು ತೋರಿಸಿ, ತಾವೇ ಅದರ ಆಚೆಗೆ ಹೋಗಿ ಜನ ಯಾರೂ ಇಲ್ಲವೆಂದು ನೋಡಿ ಬಂದರು. ಗಾಳಿ ಏಳುವ ಮೊದಲು ಮುಗಿಸಿಬಿಡಿ ಎಂದರು.

ಅಣ್ಣ ದಿಬ್ಬದ ಬುಡದಲ್ಲಿ ಬಿಸ್ಕತ್ತಿನ ಖಾಲಿ ಡಬ್ಬಿ ಇಟ್ಟು, ಐವತ್ತು ಹೆಜ್ಜೆ ಹಿಂದೆ ಬಂದು, ನಿಂತುಕೊಂಡೇ ಹೊಡೆದ. ಒಂದಲ್ಲ, ಆರು ಸಲ. ಡಬ್ಬಿ ಅಲುಗಲಿಲ್ಲ. ಅವನ ಮುಖ ಇಳಿದುಹೋಯಿತು.

“ನಾಳೆಯೇ ವಾಪಸು ಕೊಡ್ತೇನೆ. ಇದರಲ್ಲಿ ಎಂತ ಉಂಟು?” ಎಂದ.

ನನಗೆ ಅದು ಸರಿ ಕಾಣಲಿಲ್ಲ. ನಿಂತವನ ಉಸಿರಿಗೆ ತಕ್ಕಂತೆ ನಳಿಗೆ ಏರಿಳಿಯುತ್ತಿತ್ತು. ತಪ್ಪು ಯಾರದು ಎಂದು ಹೇಗೆ ಹೇಳುವುದು? ಶಾಲೆಯಲ್ಲಿ ಹುಡುಗಿಯ ಲೆಕ್ಕ ತಪ್ಪಿದರೆ ನಾನು ಮೊದಲು ನೋಡುವುದು ಎಲ್ಲ ಕಡೆಯೂ ಒಂದೇ ತರಹ ತಪ್ಪಿದೆಯೇ ಎಂದು. ಒಂದೇ ತರಹದ್ದಾದರೆ ತಿದ್ದಬಹುದು. ಅದನ್ನೇ ಅಣ್ಣನಿಗೆ ಹೇಳಿದೆ. ಡಬ್ಬಿ ಬೇಡ, ದೊಡ್ಡ ಕಾಗದ ಕಟ್ಟೋಣ. ತಾಗುತ್ತದೋ ಇಲ್ಲವೋ ಬಿಡು, ಐದು ಗುಂಡು ಹೊಡಿ, ಐದೂ ಒಂದೇ ಕಡೆ ಹೋಗುತ್ತವೆಯೋ ನೋಡೋಣ.

ಮೀನುಗಾರರು ಗೋಣಿಚೀಲಕ್ಕೆ ಮರಳು ತುಂಬಿಕೊಟ್ಟರು. ಅಣ್ಣ ಹೊಟ್ಟೆಯ ಮೇಲೆ ಮಲಗಿ ಕೋವಿಯನ್ನು ಚೀಲದ ಮೇಲಿಟ್ಟ. ನಾನು ಕೈಚೀಲದಲ್ಲಿದ್ದ ದೊಡ್ಡ ಕಾಗದವನ್ನು ದಿಬ್ಬದ ಬುಡದಲ್ಲಿ ಕೋಲಿಗೆ ಕಟ್ಟಿ, ನಡುವೆ ಮಸಿಯಿಂದ ಬೊಟ್ಟು ಇಟ್ಟು ಬಂದೆ. ಐದು ಈಡು, ಒಂದೊಂದರ ನಡುವೆ ನಿಧಾನವಾಗಿ ಉಸಿರು ಬಿಟ್ಟು. ಆಮೇಲೆ ಕೋವಿ ಸಿಡಿಯದಂತೆ ಅದರ ಬೋಲ್ಟು ತೆರೆದಿಟ್ಟು ಮೂವರೂ ಓಡಿದೆವು. ಸೀರೆ ಎತ್ತಿಕಟ್ಟಿ ಓಡಿದ ನಾನೇ ಮೊದಲು.

ಬೊಟ್ಟಿನ ಹತ್ತಿರ ಒಂದೂ ಇರಲಿಲ್ಲ. ಆದರೆ ಎಡಕ್ಕೆ, ಕೆಳಗೆ, ಐದು ತೂತುಗಳು ಒಂದಕ್ಕೊಂದು ಅಂಟಿಕೊಂಡಂತೆ ಕೂತಿದ್ದವು! ನನ್ನ ಕೈಚೀಲದಿಂದ ಸ್ಕೇಲು ತೆಗೆದು ಅಳೆದೆ. ಅತಿ ದೂರದ ಎರಡರ ನಡುವೆ ಒಂದೂಕಾಲು ಇಂಚು.

ಮೀನುಗಾರರು ಬಗ್ಗಿ ನೋಡಿ ನನಗೆ ಹೇಳಿದರು. “ಒಂದು ಬಂಗುಡೆಯ ತಲೆಯೊಳಗೆ ಐದೂ ಉಂಟಲ್ಲ ಬಾಯಮ್ಮ. ಇದು ಸೊಟ್ಟ ಕೋವಿ ಅಲ್ಲ.”

ಅಣ್ಣನಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಕಾಗದ ಕಟ್ಟಿಸಿ ಮತ್ತೆ ಐದು ಹೊಡೆದ. ಈ ಸಲ ತೂತುಗಳು ಅಂಗೈ ಅಗಲಕ್ಕೆ ಚದುರಿದ್ದವು. ನನ್ನ ಉತ್ಸಾಹವೆಲ್ಲ ಆರಿಹೋಯಿತು. ಖಾಲಿ ತೋಟೆಗಳನ್ನು ಹೆಕ್ಕುವಾಗ ಗೊತ್ತಾಯಿತು: ಅವನ ಕಿಸೆಯಲ್ಲಿ ಎರಡು ಬಗೆಯ ತೋಟೆಗಳು ಬೆರೆತಿದ್ದವು, ಎರಡನೆಯ ಸಲ ಹೋದದ್ದು ಬೇರೆ ಕಂಪೆನಿಯವು. ವಿಂಗಡಿಸಿದೆ. ಮೊದಲಿನ ಬಗೆಯ ಐದನ್ನು ಮತ್ತೆ ಕೊಟ್ಟೆ. ಮತ್ತೆ ಅದೇ ಎಡಕ್ಕೆ, ಅದೇ ಕೆಳಗೆ, ಅದೇ ಗುಂಪು. ಆ ಪುಟ್ಟ ಕೋವಿಗೆ ತನ್ನದೇ ರುಚಿಯಿತ್ತು, ಅಷ್ಟೇ.

ಇನ್ನು ಉಳಿದದ್ದು ನಳಿಗೆಯ ಮೇಲೆ ಗುರಿ ನೋಡುವ ಕಚ್ಚನ್ನು ಸರಿಪಡಿಸುವುದು. ಗುಂಡು ಎಡಕ್ಕೂ ಕೆಳಕ್ಕೂ ಹೋಗುತ್ತಿದ್ದುದರಿಂದ, ಅಣ್ಣ ಜೊತೆಗೆ ತಂದಿದ್ದ ಸಣ್ಣ ಸುತ್ತಿಗೆಯಿಂದ ಹಿಂದಿನ ಕಚ್ಚನ್ನು ಕೂದಲೆಳೆಯಷ್ಟು ಬಲಕ್ಕೆ ತಟ್ಟಿ, ಒಂದು ಮೆಟ್ಟಿಲು ಏರಿಸಿದ. ಆಮೇಲೆ ಕೋವಿಯನ್ನು ನನ್ನ ಕಡೆ ಚಾಚಿ, “ನೀನೇ ಹೊಡಿ ಮಾರಾಯ್ತಿ. ಲೆಕ್ಕ ನಿನ್ನದಲ್ವಾ?” ಎಂದ.

ಅದುವರೆಗೆ ನಾನು ಕೋವಿ ಮುಟ್ಟಿದವಳಲ್ಲ. ಮರಳಿನ ತಂಪಿಗೆ ಹೊಟ್ಟೆ ಒತ್ತಿ ಮಲಗಿ, ಕೆನ್ನೆಯನ್ನು ಕೋವಿಯ ಮರದ ಹಿಡಿಗೆ ಆನಿಸಿ, ಬೆರಳಿನಿಂದ ಅದರ ಕುದುರೆ ಒತ್ತಿದೆ. ಹೆದರಿದಷ್ಟು ಏಟು ಭುಜಕ್ಕೆ ಬೀಳಲಿಲ್ಲ. ಒಣಗಿದ ಕಡ್ಡಿ ಮುರಿದ ಸದ್ದು, ಅಷ್ಟೇ. ಹಾಗೆ ಹೊಡೆದ ಐದರಲ್ಲಿ ಮೂರು ಮಸಿಯ ಬೊಟ್ಟನ್ನೇ ತೂರಿದ್ದವು. ಅಣ್ಣ ನನ್ನ ತಲೆಗೆ ಮೆತ್ತಿದ ಮರಳನ್ನು ಕೊಡವಿದ. ನನಗೆ ಕುಣಿಯಬೇಕೆನಿಸಿತ್ತು.

ಸೋಮವಾರ ಸಂಜೆ ಹಿರಿಯರು, ಕೋವಿ ಮರಳಿ ಬರುವುದು ಖಂಡಿತವೆಂದುಕೊಂಡು, ತಾವೇ ಮನೆಗೆ ಬಂದರು. ಅಣ್ಣ ಕಾಗದಗಳನ್ನು ಅವರ ಮುಂದೆ ಹಾಸಿದ. ಅವರು ಕನ್ನಡಕ ಏರಿಸಿ ಆ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದರು.

“ಎರಡು ವರ್ಷ ಪಾಪ ಇದನ್ನೇ ಬೈದೆನಲ್ಲ,” ಎಂದರು ಕೊನೆಗೆ.

ವಾಪಸು ಬೇಕೆಂದು ಕೇಳುವ ಆಸೆ ಅವರ ಕಣ್ಣಿನಲ್ಲಿತ್ತು, ಕೇಳಲಿಲ್ಲ. ಅಣ್ಣನೂ ಕೊಡುತ್ತೇನೆ ಎನ್ನಲಿಲ್ಲ. ಬದಲಿಗೆ ಮುಂದಿನ ಭಾನುವಾರ ನಮ್ಮೊಡನೆ ಬರುತ್ತೀರಾ ಎಂದು ಕೇಳಿದ. ಅವರು ಬಂದರು. ಕೋಟು ಬಿಚ್ಚಿ ಮಡಚಿಟ್ಟು, ಅರವತ್ತರ ಮೈಯನ್ನು ಮೆಲ್ಲನೆ ಮರಳಿನ ಮೇಲೆ ಚಾಚಿ, ಯಾವ ತೋಟೆ ಹಾಕಬೇಕು ಟೀಚರೇ ಎಂದು ನನ್ನನ್ನು ಕೇಳಿದರು.