ಗಡಿಯ ಈಚೆ ನಡೆದ ಜವಳ

ಬಾಣಂತನ ಮುಗಿದು, ಉಟಗಿಯ ತವರಿನಿಂದ ಗಂಡನೂರಿಗೆ ಜೀಪು ಹೊರಟಾಗ ನನ್ನ ಖುಷಿಗೆ ಮಿತಿಯೇ ಇರಲಿಲ್ಲ. ಮಗನ ಜವಳ! ಚೊಚ್ಚಲ ಮಗ, ಕಣ್ಣು ಮುಚ್ಚುವಷ್ಟು ಕೂದಲು. ಸೋದರಮಾವನ ತೊಡೆಯ ಮೇಲೆ ಕೂರಿಸದೆ ಮಗುವಿನ ಮೊದಲ ಕೂದಲಿಗೆ ನಮ್ಮಲ್ಲಿ ಕತ್ತರಿ ಮುಟ್ಟಿಸುವುದಿಲ್ಲ. ಆ ಸೋದರಮಾವ, ನನ್ನ ತಮ್ಮ, ಹೊಲದ ದಾರಿಯ ಜಗಳದಲ್ಲಿ ಕೈಮಾಡಿ ಜೈಲಿಗೆ ಹೋಗಿದ್ದ. ಅದಕ್ಕೇ ಇಷ್ಟು ತಡವಾಗಿತ್ತು. ಈಗ ಜಾಮೀನು ಸಿಕ್ಕಿತ್ತು. ಹೊಸ ಅಂಗಿ ತೊಟ್ಟು, ನನ್ನ ಗಂಡನ ಪಕ್ಕ ಕುಳಿತು, ಅಳಿಯನನ್ನು ಕುಣಿಸುತ್ತಿದ್ದ.

ಮುಂದೆ ಕರ್ನಾಟಕಕ್ಕೆ ಸ್ವಾಗತ ಕೋರುವ ಫಲಕ ಕಂಡಿತು. ನಾನು ಮುಂದಿನ ಸೀಟು ಹಿಡಿದು ಕೂಗಿದೆ.

"ಜೀಪ್ ನಿಂದರಸ್ರಿ! ತಮ್ಮಾ, ಇಳಿಯೋ ಮಬ್ಬಾ, ಲಗೂನ ಇಳಿ!"

ನಮ್ಮ ಉಟಗಿ ಇರುವುದು ಮಹಾರಾಷ್ಟ್ರದಲ್ಲಿ. ಜತ್ತಿನ ವಕೀಲರು ತಮ್ಮನಿಗೆ ಬಿಡಿಸಿ ಬಿಡಿಸಿ ಹೇಳಿದ್ದರು: "ಸೋಮವಾರಕ್ಕೊಮ್ಮೆ ಠಾಣೆಗೆ ಹಾಜರಿ ಹಾಕು. ಕೋರ್ಟಿನ ಪರವಾನಗಿ ಇಲ್ಲದ ಮಹಾರಾಷ್ಟ್ರ ದಾಟಬ್ಯಾಡ. ದಾಟಿದ್ರ ಜಾಮೀನು ರದ್ದಾಗಿ ಮತ್ತ ಒಳಗ ಹೋಗ್ತಿ." ಇಡೀ ಮನೆ ಹೂಂ ಹೂಂ ಎಂದು ತಲೆಯಾಡಿಸಿತ್ತು. ರಾಜ್ಯ ದಾಟುವುದೆಂದರೆ ಹೈದರಾಬಾದು, ಬೆಂಗಳೂರು ಅಂದುಕೊಂಡಿದ್ದೆವು. ಹೆಣ್ಣು ಕೊಟ್ಟ ಊರು, ಬೇಕಾದಾಗ ಹೋಗಿ ಊಟ ಮಾಡಿ ಬರುವ ಊರು ಪರರಾಜ್ಯವೆಂದು ಯಾರ ತಲೆಗೆ ಹೊಳೆಯಬೇಕು, ಹೇಳಿ!

ತಮ್ಮ ಇಳಿದ. ಹಿಂದೆಯೇ ಒಂದು ಬೈಕು ಬಂದು ನಿಂತಿತು. ಕೇಸು ಹಾಕಿದವರ ಮಗ, ವಿಡಿಯೊ ತೆಗೆಯಲು ಫೋನು ಎತ್ತಿ ಹಿಡಿದಿದ್ದ. ನನಗೆ ಪಿತ್ತ ನೆತ್ತಿಗೇರಿತು.

"ಕಾಯ್ಕೋಂತ ಕುಂತಿದ್ದಿ ಏನೋ? ತಗಿ, ಚಂದಂಗ ತಗಿ! ನನ್ನ ತಮ್ಮನ ಕಾಲು ಎಲ್ಲಿ ಅದಾವ ಅನ್ನೂದೂ ಬರ್ಲಿ!"

ಅಲ್ಲಿಂದಲೇ ಅತ್ತೆಗೆ ಫೋನು ಹಚ್ಚಿದೆ. "ಅತ್ತೀ, ತಮ್ಮ ಗಡಿ ದಾಟೂ ಹಂಗಿಲ್ಲರಿ. ನೀವ ಈ ಕಡಿ ಬರ್ರಿ."

"ಏನಂದಿ? ಮನಿದೇವ್ರ ಬಿಟ್ಟು ರಸ್ತಾದಾಗ ಜವಳಾ?"

"ಅವ ಮತ್ತ ಜೇಲಿಗಿ ಹೋದ್ರ ಮಗನ್ನ ಯಾರ ತೊಡಿ ಮ್ಯಾಲ ಕುಂದ್ರಸ್ತೀರಿ?"

ಫೋನು ಕಟ್ಟಾಯಿತು. ಮುಗೀತು ಕಥೆ ಅಂದುಕೊಂಡೆ. ಗಂಡ ರಸ್ತೆ ಬದಿಯ ಬೇವಿನ ಮರಕ್ಕೆ ಒರಗಿದ. ಸ್ವಲ್ಪ ಹೊತ್ತಿಗೆ ಆಚೆಯಿಂದ ಟ್ರ್ಯಾಕ್ಟರ್ ಸದ್ದು! ಟ್ರೇಲರ್ ತುಂಬ ಗಂಡನ ಮನೆಯವರು, ಹೋಳಿಗೆಯ ಬುಟ್ಟಿ, ಕ್ಷೌರ ಮಾಡುವ ಕಾಕಾ. ಮುಂದೆ ಕುಳಿತ ಅತ್ತೆಯ ಮಡಿಲಲ್ಲಿ, ಹೊಸ ಬಟ್ಟೆಯಲ್ಲಿ ಸುತ್ತಿದ ಮನೆದೇವರು.

"ದೇವ್ರನ್ನ ಕರ್ಕೊಂಡ ಬಂದೀನಿ. ಇನ್ನ ಬಾಯಿ ಮಾಡಬ್ಯಾಡ, ಕುಂದ್ರಸು!"

ಬೇವಿನ ನೆರಳಲ್ಲಿ ಕಂಬಳಿ ಹಾಸಿದರು. ಮಗ ಊರೇ ಹಾರಿಹೋಗುವಂತೆ ಅರಚಿದ, ತಮ್ಮ ಅವನನ್ನು ಅವುಚಿಕೊಂಡು ಮುಖವೆಲ್ಲ ಕಣ್ಣೀರು ಮಾಡಿಕೊಂಡ, ನಾವೆಲ್ಲ ನಕ್ಕೆವು. ಅತ್ತೆ ಬೈಕಿನವನಿಗೂ ಹೋಳಿಗೆ ಕೊಟ್ಟರು. ಅವನು ಫೋನು ಜೇಬಿಗಿಟ್ಟು ತಿಂದ.

ಬಾಣಂತನ ಮುಗಿಸಿದ ಅಕ್ಕನನ್ನು ಗಂಡನ ಮನೆ ಹೊಸ್ತಿಲಿನತನಕ ತಮ್ಮನೇ ಬಿಟ್ಟುಬರಬೇಕು, ಅದು ನಮ್ಮ ಪದ್ಧತಿ. ಹೊರಡುವಾಗ ಅವನು ಮಗುವನ್ನು ಟ್ರೇಲರಿನಲ್ಲಿದ್ದ ನನ್ನ ಕೈಗಿಟ್ಟು ಹಿಂದೆ ಸರಿದ. "ಅಕ್ಕಾ, ನಂದು ಇಲ್ಲೀತನಕ ಅಷ್ಟ."

ಆ ಮಾತು ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ. ಮಗುವಿನ ಸಮೇತ ಕೆಳಗಿಳಿದುಬಿಟ್ಟೆ.

"ಕೋರ್ಟ್ ಕಟ್ಟಿಹಾಕಿದ್ದು ಅವನ್ನ, ನನ್ನಲ್ಲ. ವಕೀಲರು ಪರವಾನಗಿ ತಗೊಂಡ ಬರೂತನಕ ನಾ ಉಟಗ್ಯಾಗ ಇರ್ತೀನಿ. ನನ್ನ ತಮ್ಮ ಕರ್ಕೊಂಡ ಬಂದಾಗ ಬರ್ತೀನಿ."

ಗಂಡ ಏನೋ ಹೇಳಲು ಬಾಯಿ ತೆರೆದ. ಅತ್ತೆ ಅವನ ಹೆಗಲಿಗೆ ತಟ್ಟಿ, "ಗಾಡಿ ತಿರುಗಸೋ" ಎಂದರು. ತಮ್ಮ ನನ್ನ ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಉಟಗಿಯ ದಾರಿ ಹಿಡಿದ.